ಬಿಟ್ಟುಹೋದ ಆರು ಪದಗಳು

ಟೈಪಿಸ್ಟಮ್ಮ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಅಕ್ಷರ ತಪ್ಪಿದವಳಲ್ಲ ಎಂಬುದು ಪೇಟೆ ಬೀದಿಗೆಲ್ಲ ಗೊತ್ತಿದ್ದ ಮಾತು. ಅವಳು ಕೆಲಸಕ್ಕೆ ಸೇರಿದಾಗ ಇದ್ದ ಟೈಪ್‌ರೈಟರ್ ಗುಜರಿಗೆ ಹೋಗಿ, ಅದರ ಜಾಗಕ್ಕೆ ಕಂಪ್ಯೂಟರ್ ಬಂದು, ಆ ಕಂಪ್ಯೂಟರಿಗೂ ವಯಸ್ಸಾಗಿತ್ತು. ಹೆಸರು ಮಾತ್ರ ಟೈಪಿಸ್ಟಮ್ಮ ಎಂದೇ ಉಳಿದಿತ್ತು. ಮಕ್ಕಳ ಶಾಲೆಯ ಅರ್ಜಿಯೋ, ಬಾಡಿಗೆ ಕರಾರೋ, ಮದುವೆಯ ಕರೆಯೋಲೆಯೋ, ಯಾವುದೇ ಇರಲಿ, ಮುಂದಕ್ಕೆ ಹೋಗುವ ಮುಂಚೆ ಒಮ್ಮೆ ಅವಳ ಕಣ್ಣಿಗೆ ಬೀಳಲಿ ಎಂದು ಜನ ತರುತ್ತಿದ್ದರು. ಅವಳು ಪೆನ್ಸಿಲು ಹಿಡಿದು, ತುಟಿ ಬಿಗಿದು, ಒತ್ತು ದೀರ್ಘಗಳ ತಪ್ಪನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿ ಕೊಡುತ್ತಿದ್ದಳು. ಹಳೆಯ ಕಡತದಿಂದ ಸಾಲುಗಳನ್ನು ತಂದು ಹೊಸದಕ್ಕೆ ಅಂಟಿಸುವ ಉಪಾಯವನ್ನು ಯಾರೋ ಹೇಳಿಕೊಟ್ಟಾಗ, "ಅದು ಸೋಮಾರಿಗಳ ಕೆಲಸ" ಎಂದು ಮುಖ ತಿರುಗಿಸಿದ್ದಳು. ಪ್ರತಿ ಸಭೆಯ ನಡಾವಳಿಯನ್ನೂ, ಹಿಂದಿನದನ್ನು ಪಕ್ಕಕ್ಕಿಟ್ಟುಕೊಂಡು, ಮೊದಲಿಂದ ಕೊನೆಯವರೆಗೆ ಹೊಸದಾಗಿ ಟೈಪ್ ಮಾಡುವುದು ಅವಳ ಪದ್ಧತಿ.

ಅವಳಿದ್ದ ಕಚೇರಿಯ ಹೆಸರು ಪೇಟೆ ಬೀದಿ ಸುಧಾರಣಾ ವಲಯ. ಬೀದಿಯ ಅಂಗಡಿಯವರು ವರ್ಷಕ್ಕೊಮ್ಮೆ ವಂತಿಗೆ ಹಾಕಿ, ನಗರಸಭೆ ಮಾಡದ ಕೆಲಸಗಳನ್ನು ತಾವೇ ಮಾಡಿಸಿಕೊಳ್ಳುವ ಏರ್ಪಾಟು ಅದು. ಬೆಳಿಗ್ಗೆ ಆರಕ್ಕೆಲ್ಲ ಗುಡಿಸುವವರು ಬರುತ್ತಿದ್ದರು. ಬೀದಿದೀಪ ಕೆಟ್ಟರೆ ಮಾರನೆಯ ದಿನವೇ ಏಣಿ ಬರುತ್ತಿತ್ತು. ಚರಂಡಿಗೆ ಮುಚ್ಚಳವಿತ್ತು, ಮರದಡಿ ಬೆಂಚಿತ್ತು, ಬೆಂಚಿಗೆ ಹಸಿರು ಬಣ್ಣವಿತ್ತು. ಈ ಸುಖವೆಲ್ಲ ಬೀದಿಯ ಕೊನೆಯಲ್ಲಿದ್ದ ಹಳ್ಳದ ಸೇತುವೆಗೆ ಮುಗಿಯುತ್ತಿತ್ತು. ಸೇತುವೆಗೆ ಎಂದರೂ ತಪ್ಪೇ. ನಕ್ಷೆಯಲ್ಲಿ ಗಡಿ ಎಳೆದ ಪುಣ್ಯಾತ್ಮನ ಗೆರೆ ಸೇತುವೆಯ ನಟ್ಟನಡುವೆ ಹಾದುಹೋಗಿತ್ತು. ಹಾಗಾಗಿ ಗುಡಿಸುವವರು ಅರ್ಧ ಸೇತುವೆ ಗುಡಿಸಿ, ಅಲ್ಲಿಂದ ಪೊರಕೆ ತಿರುಗಿಸಿಕೊಂಡು ವಾಪಸಾಗುತ್ತಿದ್ದರು.

ಹಳ್ಳದಾಚೆ ಐದು ಬೀದಿಗಳಿದ್ದವು. ಅಲ್ಲಿ ದೀಪದ ಕಂಬಗಳಿದ್ದವು, ದೀಪಗಳಿರಲಿಲ್ಲ. ಚರಂಡಿ ಇತ್ತು, ಅದರಲ್ಲಿ ನೀರು ಹರಿಯುತ್ತಿರಲಿಲ್ಲ. ಎರಡನೆಯ ಬೀದಿಯಲ್ಲಿ ಟೈಪಿಸ್ಟಮ್ಮನ ಅಕ್ಕನ ಮನೆ. ಭಾನುವಾರ ಭಾನುವಾರ ಅಕ್ಕನನ್ನು ನೋಡಲು ಹೋದರೆ, ಬಾಗಿಲಲ್ಲೇ ಸ್ವಾಗತ.

"ಬಾ ತಾಯಿ, ಕಾಲು ನೋಡ್ಕೊಂಡು ಇಡು. ಇದು ನಿಮ್ಮ ಸುಧಾರಣೆ ಮುಟ್ಟದ ಜಾಗ. ಸೀರೆ ಮೇಲಕ್ಕೆತ್ತಿಕೋ."

"ನಾನೇನಕ್ಕ ಮಾಡಲಿ? ನಾನು ಬರೀ ಟೈಪ್ ಮಾಡೋಳು."

"ಅದೇ ಅಂತೀನಿ. ಇಪ್ಪತ್ತೆರಡು ವರ್ಷ ಟೈಪ್ ಮಾಡಿದ್ದೀಯ, ನಮ್ಮ ಬೀದಿ ಹೆಸರು ಒಂದು ಸಲನಾದ್ರೂ ಬಂತಾ ನಿನ್ನ ಬೆರಳ ತುದಿಗೆ?"

ಬಂದಿತ್ತು, ಬರುತ್ತಲೇ ಇತ್ತು. ಅದೇ ತಮಾಷೆ. ಸಭೆಯ ಪಟ್ಟಿಯಲ್ಲಿ ಏಳನೆಯ ವಿಷಯ ಹನ್ನೊಂದು ವರ್ಷದಿಂದ ಅದೇ ಆಗಿತ್ತು. ಅಷ್ಟು ಹೊತ್ತಿಗೆ ಚಹಾ ಬರುತ್ತಿತ್ತು, ಬಿಸ್ಕತ್ತಿನ ತಟ್ಟೆ ಸುತ್ತು ಹೊಡೆಯುತ್ತಿತ್ತು, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ಆಮೇಲೆ ಟೈಪಿಸ್ಟಮ್ಮ ಹೋದ ಸಲದ ವಾಕ್ಯವನ್ನೇ ಮತ್ತೆ ಬರೆಯುತ್ತಿದ್ದಳು: "ಹಳ್ಳದಾಚೆಯ ಐದು ಬೀದಿಗಳಿಗೆ ವಲಯವನ್ನು ವಿಸ್ತರಿಸುವ ವಿಷಯದ ಪರಿಶೀಲನೆಯ ಅವಧಿಯನ್ನು ಮುಂದಿನ ಸಭೆಯವರೆಗೆ ವಿಸ್ತರಿಸಲಾಯಿತು." ವಲಯ ವಿಸ್ತಾರವಾಗಿರಲಿಲ್ಲ, ಅವಧಿ ಮಾತ್ರ ವಿಸ್ತಾರವಾಗುತ್ತಲೇ ಇತ್ತು.

ಹೀಗಿರುವಾಗ ಟೈಪಿಸ್ಟಮ್ಮನಿಗೆ ಹೊಸ ಕನ್ನಡಕ ಬಂತು. ಅವಳ ಗಂಡನದು ಪೇಟೆ ಬೀದಿಯಲ್ಲೇ ಕನ್ನಡಕದ ಅಂಗಡಿ. ಊರಿನವರಿಗೆಲ್ಲ ಹೊಸ ಕನ್ನಡಕ ಹಾಕಿ ಹೆಂಡತಿಯನ್ನು ಹಳೆಯದರಲ್ಲೇ ಇಟ್ಟಿದ್ದಾನೆಂದು ಯಾರೋ ಆಡಿಕೊಂಡದ್ದು ಕಿವಿಗೆ ಬಿದ್ದು, ಅವನು ಹಟಕ್ಕೆ ಬಿದ್ದವನಂತೆ ಒಂದು ಕನ್ನಡಕ ಮಾಡಿಕೊಟ್ಟ. ಮೇಲರ್ಧ ದೂರಕ್ಕೆ, ಕೆಳಗಿನರ್ಧ ಹತ್ತಿರಕ್ಕೆ, ನಡುವೆ ಒಂದು ಗೆರೆ. "ಎರಡು ದಿನ ಕಷ್ಟ, ಆಮೇಲೆ ಸ್ವರ್ಗ" ಎಂದ. ಆ ಎರಡು ದಿನಗಳಲ್ಲಿ ಒಂದು ದಿನ ಸಭೆ ಇತ್ತು.

ಮಾರನೆಯ ಬೆಳಿಗ್ಗೆ ಅವಳು ನಡಾವಳಿ ಟೈಪ್ ಮಾಡಿದಳು. ಮೆಟ್ಟಿಲು ಇಳಿಯುವಾಗ ಎರಡು ಮೆಟ್ಟಿಲು ನಾಲ್ಕಾಗಿ ಕಂಡರೂ ಗೋಡೆ ಹಿಡಿದುಕೊಂಡು ಇಳಿದು, ಎಂದಿನಂತೆ ಅಂಗಡಿಯಿಂದ ಅಂಗಡಿಗೆ ಒಯ್ದು ಆರೂ ಜನ ಸದಸ್ಯರ ಸಹಿ ಹಾಕಿಸಿದಳು. ಪೀಠೋಪಕರಣದ ಅಂಗಡಿಯ ಮಾಲೀಕರಾದ ಅಧ್ಯಕ್ಷರು ಫೋನಿನಲ್ಲಿ ಮಾತಾಡುತ್ತಾ ಸಹಿ ಹಾಕಿದರು. ಔಷಧಿ ಅಂಗಡಿಯವರು ಗಿರಾಕಿಗೆ ಮಾತ್ರೆಯ ಪಟ್ಟಿ ಕತ್ತರಿಸುತ್ತಾ, ಕತ್ತರಿ ಕೆಳಗಿಡದೆಯೇ ಎಡಗೈಯಲ್ಲಿ ಸಹಿ ಹಾಕಿದರು. ಉಳಿದವರೂ ಹಾಗೇ. ಒಂದು ಪ್ರತಿ ಕಡತಕ್ಕೆ, ಒಂದು ಪ್ರತಿ ನಗರಸಭೆಗೆ ಹೋಯಿತು.

ನಗರಸಭೆಯಲ್ಲಿ ಆ ಐದು ಬೀದಿಗಳೆಂದರೆ ತಲೆನೋವಿನ ಗಂಟು. ಯಾರಾದರೂ ಹೊತ್ತುಕೊಂಡು ಹೋದರೆ ಸಾಕೆಂದು ಕಾದು ಕೂತಿದ್ದವರಿಗೆ ಈ ಕಾಗದ ಕೈಗೆ ಸಿಕ್ಕಿತು. ಜನನ ಪ್ರಮಾಣಪತ್ರಕ್ಕೆ ಮೂರು ತಿಂಗಳು ಅಲೆಸುವ ಕಚೇರಿಯಿಂದ ಒಂಬತ್ತೇ ದಿನದಲ್ಲಿ, ಮೊಹರು ಒತ್ತಿ, ಮಂಜೂರಾತಿಯ ಆದೇಶ ಹೊರಟಿತು. ಒಂದು ಪ್ರತಿ ಅಧ್ಯಕ್ಷರ ಅಂಗಡಿಗೆ ಬಂತು. ಅವರು ಅದನ್ನು ಆಮೇಲೆ ನೋಡೋಣವೆಂದು ಎದುರಿಗಿದ್ದ ಮೇಜಿನ ಖಾನೆಗೆ ಹಾಕಿದರು. ಆ ಮೇಜು ಅದೇ ಸಂಜೆ ಮಾರಾಟವಾಗಿ ಕಾಗದ ಸಮೇತ ಯಾರದೋ ಮನೆ ಸೇರಿತು. ಇನ್ನೊಂದು ಪ್ರತಿ, ನಡಾವಳಿಯ ನಕಲಿನ ಸಮೇತ, ಗುಡಿಸುವವರ ಮೇಸ್ತ್ರಿಗೆ ಬಂತು. ಮೇಸ್ತ್ರಿ ಓದು ಬಲ್ಲವನು, ಅದೂ ಅಲ್ಲದೆ ಓದಿದ್ದನ್ನು ಮಾಡುವವನು.

ಸೋಮವಾರ ಬೆಳಿಗ್ಗೆ ಟೈಪಿಸ್ಟಮ್ಮ ಕಚೇರಿಯ ಬೀಗ ತೆಗೆಯುತ್ತಿದ್ದಾಗಲೇ ಅಕ್ಕನ ಫೋನು.

"ಏನೇ ಇದು? ನಮ್ಮ ಬೀದಿಗೆ ಜನ ನುಗ್ಗಿದ್ದಾರೆ!"

"ಯಾರಕ್ಕ? ಪೊಲೀಸರಾ?"

"ಪೊಲೀಸರಾಗಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ? ಪೊರಕೆಯವರು ಕಣೇ! ಗುದ್ದಲಿ, ಗಾಡಿ, ಏಣಿ ಎಲ್ಲ ಬಂದಿದೆ. ಪಕ್ಕದ ಮನೆಯವಳು ಮನೆ ಒಡೆಯೋಕೆ ಬಂದ್ರು ಅಂತ ಬಾಗಿಲಿಗೆ ಅಡ್ಡ ಮಲಗಿಬಿಟ್ಟಿದ್ದಾಳೆ. ಎದುರು ಮನೆ ಮುದುಕಪ್ಪ, 'ನೀವು ದಾರಿ ತಪ್ಪಿದ್ದೀರಿ, ಪೇಟೆ ಬೀದಿ ಆ ಕಡೆ' ಅಂತ ಸೇತುವೆ ತನಕ ಕರ್ಕೊಂಡು ಹೋಗಿ ಬಿಟ್ಟು ಬಂದ. ಅವರು ಮತ್ತೆ ವಾಪಸ್ ಬಂದಿದ್ದಾರೆ! ಆ ಮೇಸ್ತ್ರಿ ಒಂದು ಕಾಗದ ತೋರಿಸ್ತಾನೆ. ನೋಡಿದ್ರೆ ಅದರ ಕೆಳಗೆ ನಿನ್ನ ಹೆಸರು!"

ನಡಾವಳಿ ಸಿದ್ಧಪಡಿಸಿದವರು ಎಂದು ಕೊನೆಯಲ್ಲಿ ಅವಳ ಹೆಸರು ಇರುವುದು ವಾಡಿಕೆ. ಟೈಪಿಸ್ಟಮ್ಮ ಕಪಾಟು ತೆಗೆದು, ಕಡತ ಬಿಚ್ಚಿ, ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದುಕೊಂಡು ಏಳನೆಯ ವಿಷಯವನ್ನು ಓದಿದಳು.

"ಹಳ್ಳದಾಚೆಯ ಐದು ಬೀದಿಗಳಿಗೆ ವಲಯವನ್ನು ವಿಸ್ತರಿಸಲಾಯಿತು."

ಅಷ್ಟೇ. ಪೂರ್ಣವಿರಾಮ. ಹೋದ ಸಲದ ಹಾಳೆಯನ್ನು ಪಕ್ಕಕ್ಕಿಟ್ಟು ನೋಡಿದಾಗ ಗುಟ್ಟು ತಿಳಿಯಿತು. ಅಲ್ಲಿ "ವಿಸ್ತರಿಸುವ" ಎಂಬ ಪದ ಮೇಲಿನ ಸಾಲಿನ ಕೊನೆಯಲ್ಲಿತ್ತು, "ವಿಸ್ತರಿಸಲಾಯಿತು" ಅದರ ನೇರ ಕೆಳಗೆ, ಮುಂದಿನ ಸಾಲಿನಲ್ಲಿತ್ತು. ಕನ್ನಡಕದ ಗೆರೆ ಎರಡೂ ಸಾಲಿನ ನಡುವೆ ಬಂದು ಕೂತಾಗ ಕಣ್ಣು ಮೇಲಿಂದ ಕೆಳಕ್ಕೆ ಜಾರಿತ್ತು. ವಿಸ್ತರಿಸುವ, ವಿಷಯದ, ಪರಿಶೀಲನೆಯ, ಅವಧಿಯನ್ನು, ಮುಂದಿನ, ಸಭೆಯವರೆಗೆ: ಬೆರಳು ಮಡಿಸಿ ಎಣಿಸಿದಳು. ಆರು ಪದ. ಒಂದು ಒತ್ತು ಬಿಟ್ಟರೆ ಊಟ ಸೇರದವಳು ಆರು ಪದ ಬಿಟ್ಟಿದ್ದಳು.

ಮಧ್ಯಾಹ್ನ ಊಟಕ್ಕೆ ಹೋದವಳು ಗಂಡನ ಮುಂದೆ ಎಲ್ಲ ಹೇಳಿಕೊಂಡು, "ನಾಳೆನೇ ಹೋಗಿ ಒಪ್ಕೊಂಡುಬಿಡ್ತೀನಿ" ಎಂದಳು.

ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಒಪ್ಕೋ. ಬೇಡ ಅನ್ನಲ್ಲ. ಆದ್ರೆ ಕನ್ನಡಕದ ವಿಷಯ ಎತ್ತಬೇಡ."

"ಕನ್ನಡಕದಿಂದಾನೇ ಆಗಿದ್ದು ಅಲ್ವಾ?"

"ನೋಡು, ಇದೇ ತಿಂಗಳು ಹದಿನಾಲ್ಕು ಜನಕ್ಕೆ ಇದೇ ಥರದ್ದು ಹಾಕಿಕೊಟ್ಟಿದ್ದೀನಿ. ಅದರಲ್ಲಿ ಇಬ್ಬರು ಬಸ್ ಓಡಿಸ್ತಾರೆ. ನನ್ನ ಹೆಂಡತೀನೇ ಎದ್ದು ನಿಂತು ಈ ಕನ್ನಡಕ ಹಾಕಿದ್ರೆ ಸಾಲು ಮಾಯವಾಗುತ್ತೆ ಅಂದ್ರೆ, ನಾನು ಅಂಗಡಿ ಬಾಗಿಲು ಹಾಕ್ಕೊಂಡು ಮನೇಲಿ ಕೂರಬೇಕಾಗುತ್ತೆ. ಬೇರೆ ಏನಾದ್ರೂ ಹೇಳು. ತಲೆಸುತ್ತು ಬಂತು ಅನ್ನು."

"ನನಗೆ ತಲೆ ಸುತ್ತಿರಲಿಲ್ಲ."

"ಈಗ ನನಗೆ ಸುತ್ತುತ್ತಿದೆ" ಎಂದು ಗಂಡ ತಟ್ಟೆ ಸರಿಸಿ ಎದ್ದ.

ಅವಳು ಕೂಡಲೇ ಹೋಗಿದ್ದರೆ ಏನಾಗುತ್ತಿತ್ತೋ. ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂದು ಮಾತು ಜೋಡಿಸಿಕೊಳ್ಳುವುದರಲ್ಲಿ ನಾಲ್ಕು ದಿನ ಕಳೆಯಿತು. ಆ ನಾಲ್ಕು ದಿನದಲ್ಲಿ ಮೇಸ್ತ್ರಿಯ ಕಡೆಯವರು ಹಳ್ಳದಾಚೆಯ ಚರಂಡಿಯಿಂದ ಏಳು ಗಾಡಿ ಹೂಳು ಎತ್ತಿದರು. ಹೂಳಿನ ಜೊತೆಗೆ ಚಕ್ರವಿಲ್ಲದ ಒಂದು ಸೈಕಲ್ಲು, ಎಣಿಸಲಾರದಷ್ಟು ಒಂಟಿ ಚಪ್ಪಲಿ, ಮತ್ತು ಅಕ್ಕನ ಮನೆಯ ಕುಕ್ಕರಿನ ಮುಚ್ಚಳ ಸಿಕ್ಕವು. ಆ ಮುಚ್ಚಳವನ್ನು ಕದ್ದಳೆಂದು ಅಕ್ಕ ಪಕ್ಕದ ಮನೆಯವಳ ಜೊತೆ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಳು. ಈಗ ಬೇರೆ ದಾರಿಯಿಲ್ಲದೆ ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ಮಾತು ಶುರು ಮಾಡಬೇಕಾಯಿತು. ಮೂರು ಬೀದಿಗೆ ದೀಪ ಬಂತು. ಜನ ಸಂಜೆ ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಅಯ್ಯೋ, ನಿಮಗೆ ಇಷ್ಟೊಂದು ಕೂದಲು ಬೆಳ್ಳಗಾಗಿದೆಯಲ್ಲ!" ಎಂದು ಆಶ್ಚರ್ಯಪಟ್ಟರು.

ಐದನೆಯ ದಿನ ಟೈಪಿಸ್ಟಮ್ಮ ಧೈರ್ಯ ಮಾಡಿ ಅಧ್ಯಕ್ಷರ ಅಂಗಡಿಗೆ ಹೋದಳು. ಅವರು ಪ್ಲಾಸ್ಟಿಕ್ ಹಾಳೆ ಬಿಚ್ಚದ ಹೊಸ ಸೋಫಾದ ಮೇಲೆ ಕೂತಿದ್ದರು. ಮುಖದಲ್ಲಿ ಎಂದೂ ಕಾಣದ ಕಳೆ. ಹಿಂದಿನ ದಿನ ಹಳ್ಳದಾಚೆಯಿಂದ ನಲವತ್ತು ಜನ ಬಂದು, ಕೈ ಹಿಡಿದು ಕುಲುಕಿ, ಇಂಥ ಅಧ್ಯಕ್ಷರು ಇನ್ನೊಬ್ಬರಿಲ್ಲ ಎಂದು ಹೇಳಿ ಹೋಗಿದ್ದರು. ಯಾಕೆ ಏನು ಎಂದು ಮೊದಲ ಐದು ನಿಮಿಷ ಅವರಿಗೆ ತಿಳಿದಿರಲಿಲ್ಲ. ತಿಳಿದ ಮೇಲೆ, ತಿಳಿದಿರಲಿಲ್ಲ ಎಂಬುದೇ ಮರೆತುಹೋಗಿತ್ತು.

"ಸರ್, ಅದು ನನ್ನ ತಪ್ಪು. ಅವತ್ತು ಅಂಥ ತೀರ್ಮಾನ ಆಗಲೇ ಇಲ್ಲ."

"ಆಗಲಿಲ್ವಾ? ಏನಮ್ಮಾ ಹೀಗಂತೀರಿ! ನಾನೇ ಎದ್ದು ನಿಂತು ಮಾತಾಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ."

"ನೀವು ಎದ್ದು ನಿಂತಿದ್ದು ಫ್ಯಾನ್ ಜೋರು ಮಾಡೋಕೆ ಸರ್."

"ಜೋರು ಮಾಡಿದೆ. ಆಮೇಲೆ ಮಾತಾಡಿದೆ. ಹಳ್ಳದಾಚೆಯವರೂ ನಮ್ಮವರೇ ಅಂದೆ. ಅಂದಿಲ್ವಾ?"

"ಇಲ್ಲ ಸರ್. ಬಿಸ್ಕತ್ತು ಮೆತ್ತಗಾಗಿದೆ ಅಂದಿರಿ. ಟೈಪ್ ಮಾಡೋವಾಗ ನಾನು ಆರು ಪದ ಬಿಟ್ಟಿದ್ದೀನಿ."

ಅಧ್ಯಕ್ಷರು ಕರುಣೆಯಿಂದ ನಕ್ಕರು. "ಟೈಪಿಸ್ಟಮ್ಮ, ನೀವು ಇಪ್ಪತ್ತೆರಡು ವರ್ಷದಲ್ಲಿ ಒಂದು ಸೊನ್ನೆ ತಪ್ಪಿದವರಲ್ಲ. ಆರು ಪದ ಬಿಡ್ತೀರಾ? ಯಾರಾದ್ರೂ ಕೇಳಿದ್ರೆ ನಗ್ತಾರೆ. ನಿಮಗೆ ಸುಸ್ತಾಗಿದೆ. ಎರಡು ದಿನ ರಜೆ ತಗೊಳ್ಳಿ."

ಹೊರಗೆ ಬಂದವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ತಪ್ಪು ಮಾಡಿದ ಸಂಕಟ ಒಂದು ಕಡೆ. ತನ್ನ ತಪ್ಪನ್ನು ತನ್ನದೆಂದು ಹೇಳಿಕೊಳ್ಳುವ ಹಕ್ಕೂ ತನಗಿಲ್ಲವಾಯಿತಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ಭಾನುವಾರ ಅಕ್ಕನ ಮುಂದೆ ಹೇಳಿದರೆ ಅಕ್ಕ ಇನ್ನೂ ಜೋರು.

"ತಪ್ಪಾ? ಅಂದ್ರೆ ಅವರು ಬೇಕು ಅಂತ ಮಾಡಲಿಲ್ಲ?"

"ಇಲ್ಲಕ್ಕ."

"ನೀನೂ ಬೇಕು ಅಂತ ಮಾಡಲಿಲ್ಲ?"

"ಇಲ್ಲ."

ಅಕ್ಕ ಎದ್ದು ಬೀದಿ ಬಾಗಿಲು ಮುಂದಕ್ಕೆ ಮಾಡಿದಳು. "ಒಡಹುಟ್ಟಿದವಳು ಅಕ್ಕನಿಗೋಸ್ಕರ ಮಾಡಿದ್ದಾಳೆ ಅಂತ ನಾನು ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದಿದ್ದೀನಿ. ಬಾಯಿ ಮುಚ್ಕೊಂಡಿರು."

ಆದರೆ ಬಾಯಿ ಮುಚ್ಚಿಕೊಂಡಿರಲು ಔಷಧಿ ಅಂಗಡಿಯವರು ಬಿಡಲಿಲ್ಲ. ದಿನಕ್ಕೊಮ್ಮೆ ಗುಡಿಸುತ್ತಿದ್ದ ಅವರ ಅಂಗಡಿಯ ಮುಂಭಾಗಕ್ಕೆ ಈಗ ಎರಡು ದಿನಕ್ಕೊಮ್ಮೆ ಪೊರಕೆ ಬೀಳುತ್ತಿತ್ತು. ಕಾರಣ ಕೇಳಿದಾಗ ಮೇಸ್ತ್ರಿ ಆದೇಶದ ಕಾಗದ ತೋರಿಸಿದ. ಅವರು ಓದಿ, ಕೆಂಪಾಗಿ, ತುರ್ತು ಸಭೆ ಕರೆಯಬೇಕೆಂದು ಪಟ್ಟು ಹಿಡಿದರು. ಸುದ್ದಿ ಸೇತುವೆ ದಾಟಿತು. ಸಭೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ, ಹನ್ನೆರಡು ಕುರ್ಚಿಯ ಆ ಕೋಣೆಗೆ ಹಳ್ಳದಾಚೆಯವರು ಅರವತ್ತು ಜನ ಬಂದರು. ಕೂರಲು ಜಾಗವಿಲ್ಲದೆ ಕೆಲವರು ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಒಳಗೆ ನಡೆದದ್ದನ್ನು ಮೇಲಿನವರು ಕೆಳಗಿನವರಿಗೆ ದಾಟಿಸುತ್ತಿದ್ದರಿಂದ, ಪ್ರತಿ ಮಾತಿಗೂ ಸ್ವಲ್ಪ ಹೊತ್ತಿನ ಮೇಲೆ ಬೀದಿಯಿಂದ ಒಂದು "ಓಹೋ" ಕೇಳಿಸುತ್ತಿತ್ತು.

ಔಷಧಿಯವರು ಎದ್ದು ನಿಂತರು. "ಈ ತೀರ್ಮಾನ ಯಾವಾಗ ಆಯ್ತು, ಯಾರು ಮಾಡಿದ್ರು, ನನಗೆ ಗೊತ್ತಾಗಬೇಕು."

"ಅವತ್ತಿನ ಸಭೆಯಲ್ಲೇ ಆಯ್ತಲ್ಲ" ಎಂದರು ಅಧ್ಯಕ್ಷರು. "ನಿಮ್ಮ ಸಹಿಯೂ ಇದೆ."

ಔಷಧಿಯವರು ಸಹಿಯನ್ನು ದಿಟ್ಟಿಸಿದರು. ಓದದೆ ಹಾಕಿದೆ ಎನ್ನುವಂತಿಲ್ಲ. ದಿನಬೆಳಗಾದರೆ ವೈದ್ಯರ ಚೀಟಿ ಓದಿ ಮಾತ್ರೆ ಕೊಡುವ ಮನುಷ್ಯ, ಅರವತ್ತು ಜನ ಗಿರಾಕಿಗಳ ಮುಂದೆ, ನಾನು ಓದುವುದಿಲ್ಲ ಎಂದು ಹೇಳುವುದು ಹೇಗೆ?

"ಹಾಕಿದ್ದೇನೆ" ಎಂದರು. "ಅವತ್ತು ನಾನು ಬಲವಾಗಿ ವಿರೋಧಿಸಿದೆ. ಕೊನೆಗೆ ಬಹುಮತಕ್ಕೆ ತಲೆಬಾಗಿ ಹಾಕಿದೆ."

"ಹೌದು ಹೌದು, ತುಂಬಾ ವಿರೋಧಿಸಿದ್ರು" ಎಂದರು ಚಪ್ಪಲಿ ಅಂಗಡಿಯವರು. "ನಾನೇ ಸಮಾಧಾನ ಮಾಡಿದೆ."

"ನಾನೂ ಎರಡು ಮಾತು ಆಡಿದ್ದೆ" ಎಂದರು ಪಾತ್ರೆ ಅಂಗಡಿಯವರು.

ನಡೆಯದೇ ಇದ್ದ ಚರ್ಚೆ ಹೀಗೆ ಎಲ್ಲರ ಕಣ್ಣೆದುರು ನಡೆದುಹೋಗತೊಡಗಿತು. ಮೂಲೆಯ ಕಂಪ್ಯೂಟರಿನ ಹಿಂದೆ ಕೂತಿದ್ದ ಟೈಪಿಸ್ಟಮ್ಮನಿಗೆ ತಡೆಯಲಾಗಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಸಭೆಯಲ್ಲಿ ಅವಳು ಎದ್ದು ಮಾತಾಡಿದ್ದು ಅದೇ ಮೊದಲು.

"ಯಾರೂ ಮಾತಾಡಲಿಲ್ಲ. ಯಾರೂ ವಿರೋಧಿಸಲಿಲ್ಲ. ಯಾರೂ ಸಮಾಧಾನ ಮಾಡಲಿಲ್ಲ. ಏಳನೇ ವಿಷಯ ಬಂದಾಗ ಅಧ್ಯಕ್ಷರು ಮುಂದಕ್ಕೆ ಹಾಕಿ ಅಂದ್ರು, ನೀವೆಲ್ಲ ತಲೆ ಆಡಿಸಿದಿರಿ. ನಾನು ಟೈಪ್ ಮಾಡೋವಾಗ ಆರು ಪದ ಬಿಟ್ಟೆ. ನೀವು ಓದದೆ ಸಹಿ ಹಾಕಿದಿರಿ. ಅಷ್ಟೇ ಆಗಿದ್ದು."

ಸ್ವಲ್ಪ ಹೊತ್ತಿಗೆ ಬೀದಿಯಿಂದ "ಓಹೋ" ಬಂತು.

ಆಮೇಲೆ ಎಲ್ಲರೂ ಒಟ್ಟಿಗೆ ಬಾಯಿ ತೆಗೆದರು. ಆಶ್ಚರ್ಯವೆಂದರೆ ಒಬ್ಬರೂ ಅವಳನ್ನು ಬೈಯಲಿಲ್ಲ, ಒಬ್ಬರೂ ನಂಬಲೂ ಇಲ್ಲ. ಪಾಪ, ಜಗಳ ತಪ್ಪಿಸೋಕೆ ತನ್ನ ಮೇಲೆ ಹಾಕ್ಕೊಳ್ತಿದ್ದಾಳೆ ಎಂದರು ಚಪ್ಪಲಿಯವರು. ಅವಳ ಕೈಯಲ್ಲಿ ಅಲ್ಪವಿರಾಮವೂ ತಪ್ಪುವುದಿಲ್ಲ ಎಂದರು ಅಧ್ಯಕ್ಷರು. ಔಷಧಿಯವರಂತೂ, ತಮ್ಮ ವಿರೋಧವನ್ನು ಇಲ್ಲವೆಂದದ್ದಕ್ಕೆ ನೊಂದುಕೊಂಡು, "ನಾನು ಮೇಜು ಗುದ್ದಿದ್ದು ಕೂಡ ನೆನಪಿಲ್ವಾ?" ಎಂದು ಕೇಳಿದರು.

ಟೈಪಿಸ್ಟಮ್ಮ ಹಿಂದಿನ ಸಭೆಯ ಹಾಳೆಯನ್ನೂ ಈ ಸಲದ ಹಾಳೆಯನ್ನೂ ತಂದು ಮೇಜಿನ ಮೇಲೆ ಪಕ್ಕಪಕ್ಕಕ್ಕೆ ಹರಡಿದಳು. "ಓದಿ ನೋಡಿ" ಎಂದಳು. ಬಾಗಿಲ ಬಳಿ ನಿಂತಿದ್ದ ಗಂಡ ಕಣ್ಣು ಮುಚ್ಚಿಕೊಂಡ. ಅವಳು ಅವನನ್ನು ನೋಡಿ, ಒಂದು ಗಳಿಗೆ ತಡೆದು, "ಕಣ್ಣು ಜಾರಿತು" ಎಂದಷ್ಟೇ ಹೇಳಿದಳು. ಗಂಡ ಉಸಿರು ಬಿಟ್ಟದ್ದು ಕೋಣೆಗೆಲ್ಲ ಕೇಳಿಸಿತು.

ಆರು ತಲೆಗಳು ಎರಡು ಹಾಳೆಗಳ ಮೇಲೆ ಬಾಗಿದವು. ಅಧ್ಯಕ್ಷರು ಬೆರಳಿಟ್ಟು ಓದಿದರು. ಓದುತ್ತ ಓದುತ್ತ ಅವರ ಮುಖದ ಕಳೆ ಇಳಿಯಿತು.

"ಹಾಗಾದ್ರೆ ಇದು ಊರ್ಜಿತ ಅಲ್ಲ!" ಔಷಧಿಯವರು ಗೆದ್ದವರಂತೆ ತಲೆ ಎತ್ತಿದರು.

"ಅಲ್ಲ" ಎಂದಳು ಟೈಪಿಸ್ಟಮ್ಮ. ಎದುರಿಗೆ ಅಕ್ಕ ಅವಳನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದಳು. "ಸುಳ್ಳು ನಡಾವಳಿಯನ್ನ ನಾನು ಕಡತದಲ್ಲಿ ಇಟ್ಕೊಳ್ಳಲ್ಲ. ಆದ್ರೆ ಹನ್ನೊಂದು ವರ್ಷ ಮುಂದಕ್ಕೆ ಹಾಕಿದ್ದನ್ನ ಇನ್ನೊಂದು ಸಲ ಮುಂದಕ್ಕೆ ಹಾಕಿ ಅಂತಾನೂ ಟೈಪ್ ಮಾಡಲ್ಲ. ಬೇಕು ಅಥವಾ ಬೇಡ, ಈಗಲೇ, ಎಲ್ಲರೆದುರು ಕೈ ಎತ್ತಿ ಹೇಳಿ. ಏನು ಹೇಳ್ತೀರೋ ಅದನ್ನ ಬರೀತೀನಿ."

ಒಂದು ಕೈಯೂ ಏಳಲಿಲ್ಲ. ಆಗ ಅಕ್ಕ ಎದ್ದಳು.

"ಬೇಡ ಅಂದ್ರೆ ಬೇಡ. ನಾವೇನು ಕಾಲಿಗೆ ಬೀಳೋಕೆ ಬಂದಿಲ್ಲ. ಆದ್ರೆ ಒಂದು ಮಾತು. ನಮ್ಮನ್ನ ಕೇಳದೆ ನಮ್ಮ ಚರಂಡಿಯಿಂದ ಏಳು ಗಾಡಿ ಹೂಳು ತಂದಿದ್ದೀರಿ. ಅದನ್ನ ವಾಪಸ್ ಹಾಕಿಕೊಡಿ. ಮೊದಲು ಹೇಗಿತ್ತೋ ಹಾಗೇ ಇರಬೇಕು."

"ಸೈಕಲ್ಲೂ ಹಾಕಬೇಕು" ಎಂದಿತು ಹಿಂದಿನಿಂದ ಒಂದು ದನಿ.

"ಚಪ್ಪಲಿಗಳು ನಮ್ಮ ಬೀದಿಯವು" ಎಂದಿತು ಇನ್ನೊಂದು.

ಅಧ್ಯಕ್ಷರು ಕಂಗಾಲಾಗಿ ಮೇಸ್ತ್ರಿಯ ಕಡೆ ತಿರುಗಿದರು. ಗೋಡೆಗೊರಗಿ ನಿಂತಿದ್ದ ಮೇಸ್ತ್ರಿ ತಲೆ ಅಲ್ಲಾಡಿಸಿದ. "ತೆಗೆಯೋಕೆ ನಾಲ್ಕು ದಿನ ಆಯ್ತು ಸ್ವಾಮಿ. ವಾಪಸ್ ತುಂಬಿ ಅಂದ್ರೆ ನನ್ನ ಕಡೆ ಒಬ್ಬನೂ ಬರಲ್ಲ. ನಾನೂ ಬರಲ್ಲ." ಮತ್ತೆ ಏನೋ ನೆನಪಾದವನಂತೆ ಔಷಧಿಯವರನ್ನು ನೋಡಿದ. "ತುಂಬಿದ್ರೂ ಮೊದಲು ನೆನೆಯೋದು ಇವರೇ. ಆ ಕಡೆ ಮೋರಿ ಕಟ್ಟಿಕೊಂಡು, ನೀರು ಸೇತುವೆ ಕೆಳಗೆ ಹಿಂದಕ್ಕೆ ಒತ್ತಿ ಇವರ ನೆಲಮಾಳಿಗೆಗೆ ನುಗ್ಗುತ್ತಿತ್ತು. ಮೊನ್ನೆ ಮಳೆಗೆ ಹನಿ ನೀರು ಬಂತಾ ಕೇಳಿ."

ಎಲ್ಲರೂ ಔಷಧಿಯವರ ಕಡೆ ತಿರುಗಿದರು. ಅವರ ನೆಲಮಾಳಿಗೆಯ ಕಥೆ ಪೇಟೆ ಬೀದಿಗೆಲ್ಲ ಗೊತ್ತಿತ್ತು. ಪ್ರತಿ ಮಳೆಗೂ ಪೆಟ್ಟಿಗೆ ಪೆಟ್ಟಿಗೆ ಔಷಧಿಯನ್ನು ಹೊತ್ತು ಮೇಲೆ ತಂದು, ಕಟ್ಟಡ ಕಟ್ಟಿದವನನ್ನು ಬೈದು, ಮಳೆ ನಿಂತ ಮೇಲೆ ಮತ್ತೆ ಕೆಳಗೆ ಇಳಿಸುತ್ತಿದ್ದರು. ಮೊನ್ನೆಯ ಮಳೆಯಲ್ಲಿ ಅವರು ಒಂದು ಪೆಟ್ಟಿಗೆಯನ್ನೂ ಹೊತ್ತಿರಲಿಲ್ಲ. ಅದು ಈಗ ತಾನೇ ಅವರಿಗೂ ಹೊಳೆದಂತಿತ್ತು.

"ಬಂದಿಲ್ಲ" ಎಂದರು ಸಣ್ಣ ದನಿಯಲ್ಲಿ.

"ಕೈ ಎತ್ತಿ" ಎಂದಳು ಟೈಪಿಸ್ಟಮ್ಮ.

ಅಧ್ಯಕ್ಷರ ಕೈ ಮೊದಲು ಎದ್ದಿತು. ಚಪ್ಪಲಿಯವರದು, ಪಾತ್ರೆಯವರದು, ಹೊಲಿಗೆ ಅಂಗಡಿಯ ಅಮ್ಮನದು, ಕಾಗದ ಪುಸ್ತಕದ ಅಂಗಡಿಯವರದು. ಔಷಧಿಯವರು ಎಲ್ಲರನ್ನೂ ಒಮ್ಮೆ ನೋಡಿ, ಮೇಜನ್ನು ಗುದ್ದಿದರು. ನಿಜವಾಗಿಯೂ ಗುದ್ದಿದರು, ಚಹಾದ ಲೋಟಗಳು ಕುಣಿದವು.

"ನನ್ನ ಬಲವಾದ ವಿರೋಧವನ್ನ ಬರ್ಕೊಳ್ಳಿ" ಎಂದು ಹೇಳಿ, ಅದೇ ಕೈಯನ್ನು ಮೇಲೆತ್ತಿದರು.

"ವಿರೋಧವೋ, ಒಪ್ಪಿಗೆಯೋ?"

"ಎರಡೂ ಬರ್ಕೊಳ್ಳಿ!"

ಟೈಪಿಸ್ಟಮ್ಮ ಎರಡನ್ನೂ ಬರೆದುಕೊಂಡಳು. ಬೀದಿಯಿಂದ ಈ ಸಲ ಬಂದದ್ದು "ಓಹೋ" ಆಗಿರಲಿಲ್ಲ. ಎದುರಿನ ಬೇಕರಿಯವನು ಏನಾಯಿತೆಂದು ಅಂಗಡಿ ಬಿಟ್ಟು ಓಡಿಬರುವಷ್ಟು ಜೋರಾದ ಕೇಕೆ. ಜನ ಮೆಟ್ಟಿಲಿಳಿದು ಹೋಗುವಾಗ ಅಕ್ಕ ತಂಗಿಯ ಮುಂದೆ ಒಂದು ಗಳಿಗೆ ನಿಂತಳು.

"ಬಾಯಿ ಮುಚ್ಕೊಂಡಿರು ಅಂದಿದ್ದೆ."

"ಆಗಲಿಲ್ಲಕ್ಕ."

"ಚಿಕ್ಕವಳಾಗಿದ್ದಾಗಲೂ ಹಾಗೇ. ನಾನು ಒಡೆದ ಲೋಟ ನೀನು ಹೋಗಿ ಅಮ್ಮನಿಗೆ ತೋರಿಸಿಬರ್ತಿದ್ದೆ" ಎಂದು ಅಕ್ಕ ಅವಳ ಗಲ್ಲ ಹಿಂಡಿದಳು. ಸ್ವಲ್ಪ ಜೋರಾಗಿಯೇ ಹಿಂಡಿದಳು.

ಹೊಸ ನಕ್ಷೆ ಬಂತು. ಹಳ್ಳದಾಚೆಯ ಸಣ್ಣ ಅಂಗಡಿಗಳವರೂ ವಲಯಕ್ಕೆ ಸೇರಿದರು; ಅವರಲ್ಲೊಬ್ಬ ಸೈಕಲ್ ರಿಪೇರಿಯವನು ಏಳನೆಯ ಸದಸ್ಯನಾಗಿ ಬಂದು ಕೂತ. ಇನ್ನಿಬ್ಬರು ಗುಡಿಸುವವರನ್ನು ತೆಗೆದುಕೊಂಡರು, ಔಷಧಿ ಅಂಗಡಿಯ ಮುಂದೆ ದಿನವೂ ಪೊರಕೆ ಬೀಳತೊಡಗಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಕಚೇರಿಯ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಅಕ್ಕ. ಒಗೆದ ಸೀರೆ ಉಟ್ಟು, ಕೈಚೀಲ ಹಿಡಿದು, ಮನೆಯ ಮಾತಿಗೆ ಬಂದವಳ ಹಾಗಿರದೆ ನೆಟ್ಟಗೆ ನಿಂತಿದ್ದಳು.

"ದೂರು ಕೊಡೋಕೆ ಬಂದಿದ್ದೀನಿ."

"ಯಾರ ಮೇಲೆ?"

"ನಿಮ್ಮ ವಲಯದ ಮೇಲೆ. ನನ್ನ ಮನೆ ಮುಂದೆ ಹಾಕಿದ್ದೀರಲ್ಲ ದೀಪ, ಅದು ನೇರವಾಗಿ ಗೋಡೆಗೆ ಬೀಳುತ್ತೆ. ಗೋಡೆಯ ಬಿರುಕು, ಕಿತ್ತುಹೋದ ಸುಣ್ಣ ಎಲ್ಲ ದಾರಿಹೋಕರಿಗೆ ಕಾಣುತ್ತೆ. ಮೊದಲಾದ್ರೆ ಕತ್ತಲು, ಮರ್ಯಾದೆ ಇತ್ತು. ನಾಲ್ಕಡಿ ಆಚೆ ಸರಿಸಬೇಕು."

ಟೈಪಿಸ್ಟಮ್ಮ ನಗು ತಡೆದುಕೊಂಡು ಒಂದು ಹಾಳೆ ಮುಂದಿಟ್ಟಳು. "ಇದರಲ್ಲಿ ಬರೆದುಕೊಡಿ. ಮೂವತ್ತು ದಿನದೊಳಗೆ ಉತ್ತರ ಬರುತ್ತೆ."

"ಮೂವತ್ತು ದಿನಾನಾ? ನಾನು ನಿನ್ನ ಅಕ್ಕ ಕಣೇ!"

"ಪೇಟೆ ಬೀದಿಯವರಿಗೂ ಮೂವತ್ತೇ ದಿನ."

ಅಕ್ಕ ಹಾಳೆಯನ್ನು ಕೈಗೆತ್ತಿಕೊಂಡಳು. ಆ ಮಾತು ಅವಳಿಗೆ ಎಲ್ಲೋ ರುಚಿಸಿದಂತಿತ್ತು. ಬೆಂಚಿನ ಮೇಲೆ ಕೂತು, ಚೀಲದಿಂದ ಪೆನ್ನು ತೆಗೆದು, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದಳು. ಟೈಪಿಸ್ಟಮ್ಮ ಮೊಹರು ಒತ್ತಿ, ತಾರೀಖು ಹಾಕಿ, ಸ್ವೀಕೃತಿಯ ಚೀಟಿ ಹರಿದು ಕೊಟ್ಟಳು. ಅಕ್ಕ ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ, ಚೀಲದ ಒಳಜೇಬಿಗೆ ಸೇರಿಸಿ, ಜಿಪ್ಪು ಎಳೆದಳು.

"ಇಪ್ಪತ್ತೊಂಬತ್ತನೇ ದಿನ ಬರ್ತೀನಿ" ಎಂದು ಹೇಳಿ ಮೆಟ್ಟಿಲಿಳಿದಳು.